ಇರುಳಿನ ವಿದ್ಯುತ್ತು ಎಲ್ಲಿಂದ?

ಪೀಣ್ಯದಲ್ಲಿ ಲೇತ್ ವರ್ಕ್‌ಶಾಪ್ ನಡೆಸುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. "ಮೇಷ್ಟ್ರೇ, ಪಾವಗಡದಲ್ಲಿ ಅಷ್ಟೊಂದು ಸೋಲಾರ್ ಇರುವಾಗ ಕಲ್ಲಿದ್ದಲೇಕೆ, ಅಣುಸ್ಥಾವರವೇಕೆ?" ಎಂದು ಕೇಳಿದ. "ನಿನ್ನ ಎರಡನೆಯ ಪಾಳಿ ಎಷ್ಟು ಗಂಟೆಗೆ ಮುಗಿಯುತ್ತದೆ?" ಎಂದೆ. "ರಾತ್ರಿ ಹತ್ತಕ್ಕೆ" ಎಂದವನು ತಾನೇ ನಕ್ಕುಬಿಟ್ಟ.

ಹೊಗೆಯಿಲ್ಲದ ವಿದ್ಯುತ್ತು ನಮ್ಮ ನಾಡಿಗೆ ಹೊಸದಲ್ಲ. ಶಿವನಸಮುದ್ರದ ಕಾವೇರಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯಿತ್ತಳು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿದಳು. ಜಲವಿದ್ಯುತ್ತನ್ನು ಬೇಕೆಂದಾಗ ಪಡೆಯಬಹುದು. ಆದರೆ ಮಳೆ ಕೈಕೊಟ್ಟರೆ ಅದೂ ಕೈಕೊಡುತ್ತದೆ. 2023ರ ಬರದಲ್ಲಿ ಇದನ್ನು ಕಂಡೆವು.

ಪಾವಗಡದ ಸಾಮರ್ಥ್ಯ 2050 ಮೆಗಾವಾಟ್. ಸುಮಾರು 13,000 ಎಕರೆಯನ್ನು ರೈತರಿಂದ ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಕ್ರಮ. ಆದರೂ ಸೂರ್ಯ ಮುಳುಗಿದರೆ ಉತ್ಪಾದನೆ ಸೊನ್ನೆ. ಚಿತ್ರದುರ್ಗ, ಗದಗಗಳ ಗಾಳಿಯಂತ್ರಗಳು ಇರುಳಲ್ಲೂ ತಿರುಗುತ್ತವೆ; ಆದರೆ ಅವುಗಳ ಸುಗ್ಗಿ ಮುಂಗಾರಿನ ತಿಂಗಳುಗಳಲ್ಲಿ. ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲನೆಯದು 2018ರ ಕೊನೆಗೆ 962 ದಿನಗಳ ನಿರಂತರ ಓಟ ಮುಗಿಸಿ ಅಂದಿನ ವಿಶ್ವದಾಖಲೆ ಸ್ಥಾಪಿಸಿತು. ಆದರೆ ಹೊಸ ಸ್ಥಾವರ ಕಟ್ಟಲು ವರ್ಷಗಳೇ ಬೇಕು. ಬಳಸಿದ ಇಂಧನವನ್ನು ತಲೆಮಾರುಗಳ ಕಾಲ ಕಾಯಬೇಕು.

ಹಗಲಿನ ಹೆಚ್ಚುವರಿಯನ್ನು ಇರುಳಿಗೆ ಕೂಡಿಡಲೆಂದು ಶರಾವತಿ ಕಣಿವೆಯಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ರೂಪುಗೊಂಡಿದೆ. ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತುವುದು, ಸಂಜೆ ಇಳಿಸುವುದು. ತತ್ತ್ವಕ್ಕೆ ನನ್ನ ತಕರಾರಿಲ್ಲ, ಸ್ಥಳಕ್ಕಿದೆ. ಅದು ಸಿಂಗಳೀಕಗಳ ಅಭಯಾರಣ್ಯ. 1964ರ ಲಿಂಗನಮಕ್ಕಿ ಅಣೆಕಟ್ಟೆಗಾಗಿ ಮನೆಮಠ ಕಳೆದುಕೊಂಡವರ ಎಷ್ಟೋ ಕುಟುಂಬಗಳು ಇಂದಿಗೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿವೆ. ನಮ್ಮ ದೀಪಕ್ಕೆ ಅದೇ ಕಣಿವೆ ಮತ್ತೊಮ್ಮೆ ಎಣ್ಣೆಯಾಗಬೇಕೆ?

ಯಾವುದೋ ಒಂದನ್ನೇ ನೆಚ್ಚುವುದು ಜಾಣತನವಲ್ಲವೆಂದು ನನ್ನ ಅಭಿಪ್ರಾಯ. ಕೈಗಾ ನಡೆಯಲಿ. ರೈತರ ಪಂಪ್‌ಸೆಟ್ಟುಗಳಿಗೆ ಹಗಲಲ್ಲೇ ಸೌರವಿದ್ಯುತ್ತು ದೊರೆಯಲಿ. ಜಲಾಶಯಗಳ ನೀರು ಸಂಜೆಗೆ ಉಳಿಯಲಿ. ಪೀಣ್ಯದ ಶೆಡ್ಡುಗಳ, ವೈಟ್‌ಫೀಲ್ಡಿನ ಕಚೇರಿಗಳ ಮಾಳಿಗೆಗಳು ಬರಿದೇ ಬಿಸಿಲು ಕಾಯುವುದೇಕೆ? ಕುಲುಮೆಯ ಕೆಲಸವನ್ನು ಸಾಧ್ಯವಾದಷ್ಟೂ ನಡುಹಗಲಿಗೆ ತರಬಹುದು. ಸಂಜೆಯ ಕೊರತೆಯನ್ನು ಬ್ಯಾಟರಿಗಳು ಕೊಂಚವಾದರೂ ತುಂಬಬಲ್ಲವು. ಇಷ್ಟನ್ನೂ ಮಾಡಿ ನೋಡದೆ ಕಾಡಿಗೆ ಕೈಹಾಕುವುದು ಅನ್ಯಾಯ.

ಹೊರಡುವಾಗ ಅವನು, "ನಮ್ಮ ಶೆಡ್ಡಿನ ಮಾಡು ಎಷ್ಟು ಚದರಡಿ ಎಂದು ಅಳೆದು ಹೇಳುತ್ತೇನೆ, ಮೇಷ್ಟ್ರೇ" ಎಂದ. ಕಾಯುತ್ತಿದ್ದೇನೆ. ಇದನ್ನು ಓದುವ ಉಳಿದವರೂ ತಮ್ಮ ತಮ್ಮ ಮಾಳಿಗೆಯನ್ನೊಮ್ಮೆ ಹತ್ತಿ ನೋಡಬೇಕೆಂದು ನನ್ನ ವಿನಂತಿ.