ಬೋರ್ಡು ಕಸ ಗುಡಿಸುವುದಿಲ್ಲ

ದೀಪಾವಳಿ ಅಮಾವಾಸ್ಯೆಗೆ ನಮ್ಮ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆ. ಪಲ್ಲಕ್ಕಿಗಳ ಭೇಟಿಯಾಗುವಾಗ ಮಂದಿ ಭಂಡಾರ, ಉಣ್ಣೆ, ಕೊಬ್ಬರಿ ತೂರುತ್ತಾರೆ. ಭಂಡಾರ ಮಳೆಗೆ ತೊಳೆದು ಹೋಗುತ್ತದೆ, ಉಣ್ಣೆ ಮಣ್ಣಾಗ ಮಣ್ಣಾಗ್ತದ. ಮಣ್ಣಾಗದೆ ಉಳಿಯುವುದು ಬೇರೆ: ನೀರಿನ ಬಾಟ್ಲಿ, ಥರ್ಮಾಕೋಲ್ ತಾಟು, ಕ್ಯಾರಿಬ್ಯಾಗು, ಗುಟಕಾದ ಚೀಟು. (ಗುಟಕಾ ಈ ರಾಜ್ಯದಾಗ 2012ರಿಂದ ಬಂದ್ ಅದ, ಚೀಟಿಗೆ ಮಾತ್ರ ಗೊತ್ತಿಲ್ಲ.) ಗಾಳಿ ಬೀಸಿದರೆ ಇವೆಲ್ಲ ಕುರಿ ಮೇಯುವ ಬಯಲಿಗೆ ಹೋಗುತ್ತವೆ. ಅನ್ನದ ವಾಸನೆ ಹತ್ತಿದ ಚೀಲವನ್ನು ಕುರಿ ಚೀಲದ ಸಮೇತ ನುಂಗುತ್ತದೆ. ಅದು ಕರಗುವುದಿಲ್ಲ, ಹೊರಗೂ ಬರುವುದಿಲ್ಲ. ಹೊಟ್ಟೆ ಉಬ್ಬಿ ಸತ್ತ ಕುರಿಗೆ ಪಂಚನಾಮೆ ಮಾಡುವವರು ಯಾರು? ಕುರುಬರ ದೇವರ ಸೀಮೆಯಲ್ಲೇ ಈ ಗತಿ.

ಪಂಚಾಯಿತಿಯವರನ್ನ ಕೇಳಿದರ ಎಲ್ಲಾ ಕಡೆ ಒಂದೇ ಉತ್ತರ: "ಮಂದಿಗೆ ಬುದ್ಧಿ ಇಲ್ಲ, ನಾವೇನ್ ಮಾಡೂದು?" ಅರ್ಧ ಖರೆ. ಆದರೆ ಈ ಸೀಮೆಯ ಒಂದು ಊರಾಗ, ಹೆಸರು ಬ್ಯಾಡ, ಮೂರು ಬೋರ್ಡು ನೋಡಿದೆ. ಮೂರರಲ್ಲೂ "ಇಲ್ಲಿ ಕಸ ಹಾಕಬಾರದು, ದಂಡ 500". "ಇಲ್ಲಿ ಹಾಕಿರಿ" ಅನ್ನುವ ಬೋರ್ಡು ಊರು ಹುಡುಕಿದರೂ ಸಿಗಲಿಲ್ಲ. ಗುಡಿಸಿದ ಕಸವನ್ನು ಟ್ರ್ಯಾಕ್ಟರಿನಲ್ಲಿ ಒಯ್ದು ಹಳ್ಳದ ದಂಡೆಗೆ ಸುರಿದು ಬೆಂಕಿ ಹಚ್ಚುತ್ತಾರೆ. ನಾನು ಹಾಕಿದರ ಗುನ್ಹೆ, ಪಂಚಾಯಿತಿ ಹಾಕಿದರ ಸ್ವಚ್ಛತಾ!

ಕಾಯ್ದೆಗೆ ಕೊರತೆ ಇಲ್ಲ. 2018ರ ಪ್ಲಾಸ್ಟಿಕ್ ಬಂದಿಯಲ್ಲಿ ಮೊದಲ ಸಲಕ್ಕೆ 5,000, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ರೂಪಾಯಿ ಮತ್ತು ಮೂರು ತಿಂಗಳ ಜೈಲು. ರೊಕ್ಕಕ್ಕೂ ಕೊರತೆ ಇಲ್ಲ. 2021ರಿಂದ 2026ರ ತನಕದ 15ನೇ ವಿತ್ತ ಆಯೋಗದ ಅನುದಾನದಲ್ಲಿ ನೂರಕ್ಕೆ 60 ಪಾಲು ನೀರು ಮತ್ತು ಸ್ವಚ್ಛತೆಗೇ ಕಟ್ಟಿಟ್ಟದ್ದು. ಸ್ವಚ್ಛ ಭಾರತದ ಎರಡನೇ ಹಂತದಲ್ಲಿ, ಐದು ಸಾವಿರದೊಳಗಿನ ಊರಿಗೆ ಘನಕಸದ ಸಲುವಾಗಿ ತಲೆಗೆ 60 ರೂಪಾಯಿ. ನಾಲ್ಕು ಸಾವಿರ ಮಂದಿಯ ಊರಿಗೆ 2,40,000 ಆಯ್ತು. ಅದು ಎಲ್ಲಿ ಕೂತದ?

ಗಾಡಗೇಬಾಬಾ ಊರಿಗೆ ಬಂದರೆ ಮೊದಲು ತಾವೇ ಕಸಬರಿಗೆ ಹಿಡಿಯುತ್ತಿದ್ದರು, ರಾತ್ರಿ ಕೀರ್ತನೆ. ಅವರ ಹೆಸರಿನ ಅಭಿಯಾನ 2000ದಲ್ಲಿ ಸುರುವಾಯ್ತು. ನಾವು ಫೋಟೋ ಹಾಕಿ, ಅಕ್ಟೋಬರ್ 2ಕ್ಕೆ ಸಾಲಿ ಹುಡುಗರ ಕೈಯಾಗ ಕಸಬರಿಗೆ ಕೊಟ್ಟು ಕೈ ತೊಳಕೊಂಡೆವು. ಗುರುಗಳೇ, ಹುಡುಗರು ಗುಡಿಸಲಿ, ಬ್ಯಾಡನ್ನೂದಿಲ್ಲ. ಆದರ ಗುಡಿಸಿದ್ದು ಎಲ್ಲಿಗೆ ಹೋಯ್ತಂತ ಅವರಿಂದಲೇ ಸರಪಂಚರಿಗೆ ಒಂದು ಅರ್ಜಿ ಬರಸ್ರಿ.

ಜಾತ್ರೆಯ ಅಂಗಡಿಕಾರರಿಂದ ಜಾಗದ ಬಾಡಿಗೆ ತಗೊಳ್ಳುವಾಗಲೇ ಡಿಪಾಜಿಟ್ ಇಟ್ಟುಕೊಳ್ಳಬೇಕು. ಕಸದ ಚೀಲ ತಂದು ಒಪ್ಪಿಸಿದವರಿಗೆ ವಾಪಸ್, ಇಲ್ಲದವರದು ಜಪ್ತಿ. ಇದಕ್ಕೆ ಮುಂಬೈಯ ಜಿ.ಆರ್. ಕಾಯಬೇಕಿಲ್ಲ. ಆಗಸ್ಟ್ 15ರ ಗ್ರಾಮಸಭೆಯಲ್ಲಿ ಇದನ್ನೂ, ಕಸ ಹಾಕುವ ಜಾಗದ ಗಟ್ ನಂಬರನ್ನೂ ಠರಾವು ಬುಕ್ಕಿನಾಗ ಬರಸ್ರಿ. ಬರೆಯೂ ತನಕ ಗ್ರಾಮಸೇವಕರನ್ನ ಎದ್ದು ಹೋಗಾಕ ಬಿಡಬ್ಯಾಡ್ರಿ.