ಊರ ಬಾಗಿಲ ಬೋರ್ಡು ಮತ್ತು ಪಂಚಾಯಿತಿಯ ಕಂಪ್ಯೂಟರು



1980ರ ದಶಕದಲ್ಲಿ ನಮ್ಮ ಎಷ್ಟೋ ಹಳ್ಳಿಗಳ ಬಾಗಿಲಲ್ಲಿ ಒಂದು ಬೋರ್ಡು ಇರುತ್ತಿತ್ತು. ನೆನಪಿದೆಯಾ? ಅಪ್ಪಣೆ ಇಲ್ಲದೆ ಸರ್ಕಾರಿ ಅಧಿಕಾರಿಗಳು ಊರೊಳಗೆ ಕಾಲಿಡಬಾರದು ಅಂತ ಬರೆದ ಬೋರ್ಡು. ಸಾಲ ವಸೂಲಿಗೆ ಬಂದವರು ಮನೆಯ ಪಾತ್ರೆ ಪಗಡಿ, ಬಾಗಿಲನ್ನೂ ಬಿಡದೆ ಜಪ್ತಿ ಮಾಡಿಕೊಂಡು ಹೋಗುತ್ತಿದ್ದ ಕಾಲ ಅದು. ರೈತ ಸಂಘ ಮರುಜಪ್ತಿ ಮಾಡಿ ಸಾಮಾನು ವಾಪಸ್ ತಂದುಕೊಟ್ಟಿತು. ನಾವು ಸಾಲಗಾರರಲ್ಲ, ಸರ್ಕಾರವೇ ನಮಗೆ ಬಾಕಿದಾರ ಅಂತ ಎದೆ ಸೆಟೆಸಿ ಹೇಳುವುದನ್ನು ಕಲಿಸಿತು. ನಾನಾಗ ಶಾಲೆಗೆ ಹೋಗುವ ಹುಡುಗ.

ಇವತ್ತು ಅದೇ ಬೋರ್ಡು ನೆಟ್ಟರೆ ಯಾರನ್ನು ತಡೆಯುತ್ತೀರಿ? ಅಧಿಕಾರಿ ಊರಿಗೆ ಬರಬೇಕಾದ ಅಗತ್ಯವೇ ಇಲ್ಲ. 2024ರಲ್ಲಿ ಬರ ಪರಿಹಾರದ ಹಣ ಖಾತೆಗೆ ಬಿದ್ದ ಕೂಡಲೇ ಕೆಲವು ಬ್ಯಾಂಕುಗಳು ಅದನ್ನು ಹಳೇ ಸಾಲಕ್ಕೆ ಮುರಿದುಕೊಂಡವು. ಹಾಗೆ ಮಾಡಬೇಡಿ ಅಂತ ಸರ್ಕಾರವೇ ಹೇಳಬೇಕಾಯಿತು. ಜಪ್ತಿಗೆ ಜೀಪೂ ಬೇಡ, ಅಮೀನನೂ ಬೇಡ. ಎಲ್ಲಾ ಕಂಪ್ಯೂಟರಿನಲ್ಲೇ ನಡೆದುಹೋಗುತ್ತದೆ.

ಅದಕ್ಕೇ ಈ ಸಲ ಪಂಚಾಯಿತಿಯ ಕಂಪ್ಯೂಟರಿನ ಮುಂದೆ ಕೂತವರ ವಿಚಾರ ಬರೆಯುತ್ತಿದ್ದೇನೆ. ಬೆಲೆ, ಸಾಲ ಬಿಟ್ಟು ಇದೇನಪ್ಪಾ ಅನ್ನಬೇಡಿ. ಇದೂ ಸಾಲದ ಮಾತೇ.

2023ರ ಬರದಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾದವು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಹೆಚ್ಚೆಂದರೆ 2 ಹೆಕ್ಟೇರಿಗೆ. ಹಣ ಹೋಗುವುದು ಫ್ರೂಟ್ಸ್ ತಂತ್ರಾಂಶದಲ್ಲಿ ಯಾರ ಹೆಸರಿಗೆ ಎಷ್ಟು ಜಮೀನು ಸೇರಿದೆಯೋ ಅಷ್ಟಕ್ಕೆ ಮಾತ್ರ. ನನ್ನ ಎರಡು ಸರ್ವೆ ನಂಬರಿನಲ್ಲಿ ಒಂದು ಅದರೊಳಗೆ ಸೇರಿರಲೇ ಇಲ್ಲ. ಪಹಣಿಯಲ್ಲಿ ನನ್ನ ಹೆಸರಿಗೆ ಒಂದಕ್ಷರ ಹೆಚ್ಚು, ಆಧಾರ್‌ನಲ್ಲಿ ಒಂದಕ್ಷರ ಕಡಿಮೆ. ಒಂದೂವರೆ ಎಕರೆ ರಾಗಿ ಒಣಗಿದ್ದು ಹೊಲಕ್ಕೆ ಗೊತ್ತು, ನನಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ! ಐದು ಸಾವಿರ ಚಿಲ್ಲರೆ ರೂಪಾಯಿ ಹೋಯಿತು.

ನಾನೇನು ಮಾಡಿದೆ? ಪಂಚಾಯಿತಿಗೆ ಹೋಗಿ ಅಲ್ಲಿ ಕೂತಿದ್ದ ಆಪರೇಟರ್ ಹುಡುಗಿಯ ಮೇಲೆ ಕೂಗಾಡಿದೆ. ಆಕೆ ತಿರುಗಿ ಮಾತಾಡಲಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿ, "ಯಜಮಾನ್ರೆ, ನನಗೆ ಇದು ಕಾಣ್ಸುತ್ತೆ ಅಷ್ಟೇ. ತಿದ್ದೋ ಅಧಿಕಾರ ನನಗಿಲ್ಲ" ಅಂದಳು. ನನಗೆ ನಾಚಿಕೆಯಾಯಿತು. ಪಹಣಿ ತಿದ್ದಬೇಕಾದರೆ ತಹಸೀಲ್ದಾರರ ಕಚೇರಿ, ಫ್ರೂಟ್ಸ್‌ಗೆ ಸೇರಿಸಬೇಕಾದರೆ ರೈತ ಸಂಪರ್ಕ ಕೇಂದ್ರ, ಆಧಾರ್ ತಿದ್ದಬೇಕಾದರೆ ಇನ್ನೊಂದು ಕೇಂದ್ರ. ಒಂದಕ್ಷರಕ್ಕೆ ಮೂರು ಬಾಗಿಲು. ಮೂರನ್ನೂ ತಟ್ಟಿ ಮುಗಿಸುವ ಹೊತ್ತಿಗೆ ಪರಿಹಾರದ ಬಾಗಿಲೇ ಮುಚ್ಚಿತ್ತು.

ಆಮೇಲೆ ಒಂದು ದಿನ ಅಲ್ಲೇ ಕೂತು ಆಕೆಯ ಕೆಲಸ ನೋಡಿದೆ. ತೆರಿಗೆ ವಸೂಲಿ, ಪಂಚಾಯಿತಿ ಲೆಕ್ಕ ಪಂಚತಂತ್ರ ತಂತ್ರಾಂಶಕ್ಕೆ ಹೋಗಬೇಕು. ಮನೆ ನಿವೇಶನದ ನಮೂನೆ 9, ನಮೂನೆ 11 ಇ-ಸ್ವತ್ತಿನಲ್ಲಿ ಏರಬೇಕು. ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳೂ ಆಕೆಯ ತಲೆಗೇ. ಕರೆಂಟು ಹೋದರೆ ಬೈಗುಳ, ಸರ್ವರ್ ನಿಂತರೆ ಬೈಗುಳ. ಮಾಹಿತಿ ತಂತ್ರಜ್ಞಾನ ಅಧಿಕಾರಿ ಮಾಡಬೇಕಾದ ಕೆಲಸವೆಲ್ಲ ಆಕೆಯದು, ಆ ಅಧಿಕಾರಿಯ ಹುದ್ದೆ ಮಾತ್ರ ನಮ್ಮ ಪಂಚಾಯಿತಿಗಳಲ್ಲಿ ಇಲ್ಲ. ಬಹಳ ಕಡೆ ಈ ಮಕ್ಕಳ ಕೆಲಸ ಖಾಯಂ ಕೂಡ ಅಲ್ಲ. ಕಂದಾಯ ಇಲಾಖೆಯ ಕಡೆಯೂ ಇದೇ ಪಾಡು. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದ್ದು ಯಾಕೆ? ಸರಿಯಾದ ಸಲಕರಣೆ ಕೊಡದೆ ಹತ್ತಾರು ಆ್ಯಪ್‌ಗಳ ಕೆಲಸ ಹೇರಿದ್ದಕ್ಕೆ.

ಬೆಳೆದ ಬೆಳೆಗೆ ವೈಜ್ಞಾನಿಕ ಬೆಲೆ ಕೊಡಿ ಅಂತ ನಾವು ಬೀದಿಗಿಳಿಯುತ್ತೇವೆ. ಆ ಹುಡುಗಿಯ ದುಡಿಮೆಗೂ ಒಂದು ನ್ಯಾಯದ ಬೆಲೆ ಇರಬೇಕಲ್ಲವೇ? ಆಕೆಯೂ ನಮ್ಮಂಥ ರೈತನ ಮಗಳೇ.

ಕೆಲವರು, ಹಳೇ ಕೈಬರಹದ ಕಾಲವೇ ವಾಸಿ ಅಂತಾರೆ. ನಾನು ಒಪ್ಪಲ್ಲ. ಶಾನುಭೋಗರ ಕಡತ ಶಾನುಭೋಗರ ಮನೆಯ ಗಂಟಾಗಿತ್ತು. ವಂಶಪಾರಂಪರ್ಯ ಹುದ್ದೆ 1961ರ ಕಾಯ್ದೆಯಲ್ಲಿ ರದ್ದಾದ ಮೇಲೂ ಒಂದು ಪಹಣಿಗೆ ಎಷ್ಟು ಸಲ ಅಲೆದಿದ್ದೀರಿ, ಎಷ್ಟು ಕೈ ಬಿಸಿ ಮಾಡಿದ್ದೀರಿ, ನೀವೇ ಹೇಳಿ. 2000ದಲ್ಲಿ ಭೂಮಿ ಯೋಜನೆ ಬಂದು ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಕೈಗೆ ಸಿಕ್ಕಾಗ ಖುಷಿಪಟ್ಟವರು ನಾವೇ. ಆದರೆ ಹಳೇ ಕಡತದ ತಪ್ಪುಗಳೂ ಎಷ್ಟೋ ಹಾಗೇ ಕಂಪ್ಯೂಟರಿಗೆ ಏರಿದವು. ಅವತ್ತು ಆ ತಪ್ಪು ಕಾಗದದಲ್ಲಿ ಮಲಗಿತ್ತು. ಇವತ್ತು ಅದು ಹಣ ತಡೆಯುತ್ತದೆ. 2018ರ ಸಾಲ ಮನ್ನಾದಲ್ಲಿ ನೋಡಲಿಲ್ಲವೇ? ಆಧಾರ್, ಪಡಿತರ ಚೀಟಿ, ಪಹಣಿ ತಾಳೆಯಾಗದೆ ಎಷ್ಟು ರೈತರು ಬ್ಯಾಂಕಿನ ಮೆಟ್ಟಿಲು ಸವೆಸಿದರು!

ಆದ್ದರಿಂದ ನಮ್ಮ ಬೇಡಿಕೆ ಪಟ್ಟಿಗೆ ಇದೂ ಸೇರಲಿ. ಒಂದು, ಪ್ರತಿ ಗ್ರಾಮ ಪಂಚಾಯಿತಿಗೆ ತರಬೇತಿ ಪಡೆದ, ಖಾಯಂ ಸಂಬಳದ ತಂತ್ರಜ್ಞಾನ ಅಧಿಕಾರಿ ಬೇಕು. ಎರಡು, ಹೆಸರಿನ ಅಕ್ಷರದಂಥ ಸಣ್ಣ ತಪ್ಪಿನ ಅರ್ಜಿಯನ್ನು ಆತನೇ ತೆಗೆದುಕೊಂಡು ಮೂರೂ ಕಚೇರಿಯಲ್ಲಿ ಸರಿಪಡಿಸಿಕೊಡಬೇಕು. ಅಲೆಯಬೇಕಾದ್ದು ಕಡತ, ರೈತ ಅಲ್ಲ. ಮೂರು, ಆತ ಗ್ರಾಮಸಭೆಗೆ ಉತ್ತರ ಹೇಳಬೇಕು. ಪರಿಹಾರದಿಂದ ಯಾರು ಬಿಟ್ಟುಹೋದರು, ಯಾಕೆ ಬಿಟ್ಟುಹೋದರು ಎಂಬುದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು.

ಅಲ್ಲಿಯವರೆಗೆ ನೀವು ಕೈಕಟ್ಟಿ ಕೂರಬೇಡಿ. ಈ ತಿಂಗಳೇ ನಿಮ್ಮ ಎಲ್ಲಾ ಸರ್ವೆ ನಂಬರಿನ ಪಹಣಿ ತೆಗೆಸಿ, ಆಧಾರ್ ಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ. ಫ್ರೂಟ್ಸ್‌ನಲ್ಲಿ ಎಷ್ಟು ಸರ್ವೆ ನಂಬರು ಸೇರಿವೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ತೀರಿಕೊಂಡ ಅಪ್ಪನ ಹೆಸರಲ್ಲೇ ಜಮೀನು ಇದ್ದರೆ ಇವತ್ತೇ ಪೌತಿ ಖಾತೆಗೆ ಅರ್ಜಿ ಕೊಡಿ. ಬಾಯಿಮಾತಿಗೆ ವಾಪಸ್ ಬರಬೇಡಿ, ಅರ್ಜಿ ಕೊಟ್ಟು ಸಕಾಲದ ಸ್ವೀಕೃತಿ ಕೇಳಿ. 2011ರ ಸಕಾಲ ಕಾಯ್ದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕನ್ನು ನಮಗೆ ಕೊಟ್ಟಿದ್ದಾರೆ. ದುಡ್ಡು ದೊಡ್ಡದಲ್ಲ, ಹಕ್ಕು ದೊಡ್ಡದು.

ಇನ್ನೊಂದು ಮಾತು. ಮುಂದಿನ ಸಲ ಪಂಚಾಯಿತಿಗೆ ಹೋದಾಗ ಆ ಹುಡುಗಿಯ ಮೇಲೆ ಕೂಗಾಡಬೇಡಿ. ಆ ಗಂಟಲನ್ನು ಗ್ರಾಮಸಭೆಗೆ ಉಳಿಸಿಟ್ಟುಕೊಳ್ಳಿ. ಅಂದು ಬೋರ್ಡು ನೆಟ್ಟವರು ಅಧಿಕಾರಿಯನ್ನು ಊರ ಬಾಗಿಲಲ್ಲಿ ನಿಲ್ಲಿಸಿ ಲೆಕ್ಕ ಕೇಳಿದರು. ಇಂದು ನಾವು ಕಂಪ್ಯೂಟರನ್ನೇ ಊರ ಸಭೆಯ ಮುಂದಿಟ್ಟು ಲೆಕ್ಕ ಕೇಳೋಣ.