ದಂಡವೂ ಸಮುತ್ಥಾನವ್ಯಯವೂ

ವೈದ್ಯನು ನಾರಾಯಣಸ್ವರೂಪನೆಂಬ ಶ್ರದ್ಧೆಯು ಈ ನಾಡಿನ ಜನರಲ್ಲಿ ಬೇರೂರಿದೆ. ಅದು ಒಳ್ಳೆಯ ಶ್ರದ್ಧೆಯೇ ಸರಿ. ಆದರೆ ಅದರ ಮರೆಯಲ್ಲಿ, ಚಿಕಿತ್ಸೆಯಿಂದ ಕೆಟ್ಟ ದೇಹಕ್ಕೆ ನ್ಯಾಯವನ್ನು ಕೇಳುವದೇ ಅಪಚಾರವೆಂಬ ಇನ್ನೊಂದು ಭಾವನೆಯೂ ಬೆಳೆದು ನಿಂತಿದೆ. ಈ ಎರಡನೆಯದಕ್ಕೆ ಶಾಸ್ತ್ರದ ಆಧಾರವೂ ಇಲ್ಲ, ಲೋಕಹಿತದ ಆಧಾರವೂ ಇಲ್ಲ.

ಕಲಬುರಗಿ ಜಿಲ್ಲೆಯ ಮರತೂರಿನೊಡನೆ ಹೆಸರು ಕೂಡಿಕೊಂಡಿರುವ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದದ್ದು ಸರ್ವವಿದಿತ. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಮಿಥ್ಯಾಚಿಕಿತ್ಸೆ ಮಾಡಿದ ವೈದ್ಯನಿಗೆ ದಂಡವು ಹೇಳಲ್ಪಟ್ಟಿದೆ: ಪಶುವಿನ ವಿಷಯದಲ್ಲಿ ಪ್ರಥಮಸಾಹಸ, ಮನುಷ್ಯನ ವಿಷಯದಲ್ಲಿ ಮಧ್ಯಮ, ರಾಜಪುರುಷನ ವಿಷಯದಲ್ಲಿ ಉತ್ತಮ. ರೋಗಿಯ ಅಂತಸ್ತನ್ನು ನೋಡಿ ದಂಡವನ್ನು ಏರಿಳಿಸುವ ಈ ಕ್ರಮವನ್ನು ಇಂದಿನ ಕಾಲವು ಒಪ್ಪಲಾರದು, ಒಪ್ಪಲೂ ಬಾರದು. ಆದರೆ ಅದೇ ಅಧ್ಯಾಯದ ದಂಡಪಾರುಷ್ಯಪ್ರಕರಣದಲ್ಲಿ ಇನ್ನೊಂದು ವಿಧಿಯುಂಟು. ಪರರ ಮೈಗೆ ನೋವುಂಟುಮಾಡಿದವನು ರಾಜನಿಗೆ ತೆರುವ ದಂಡವಲ್ಲದೆ, ನೊಂದವನು ಚೇತರಿಸಿಕೊಂಡು ಏಳುವವರೆಗಿನ ವೆಚ್ಚವನ್ನೂ ಕೊಡತಕ್ಕದ್ದು. ಇದಕ್ಕೆ ಸಮುತ್ಥಾನವ್ಯಯವೆಂದು ಹೆಸರು. ದಂಡ ಬೇರೆ, ಸಮುತ್ಥಾನವ್ಯಯ ಬೇರೆ. ಒಂದನ್ನು ತೆತ್ತವನು ಇನ್ನೊಂದರಿಂದ ಬಿಡುಗಡೆ ಹೊಂದುವದಿಲ್ಲ. ಈ ವಿವೇಕವೇ ಇಂದು ವಿಜ್ಞಾನೇಶ್ವರನ ಜಿಲ್ಲೆಯಲ್ಲಿ ಮರೆಯಾಗಿದೆ.

2015ರಲ್ಲಿ ಹೊರಬಿದ್ದ ಸಂಗತಿಯನ್ನು ಕಲಬುರಗಿಯವರು ಮರೆತಿರಲಾರರು. ಖಾಸಗಿ ದವಾಖಾನೆಗಳಲ್ಲಿ 2,258 ಸ್ತ್ರೀಯರ ಗರ್ಭಕೋಶಗಳನ್ನು ತೆಗೆಯಲಾಗಿತ್ತೆಂದೂ, ಆ ಶಸ್ತ್ರಕ್ರಿಯೆಗಳಲ್ಲಿ ಅನೇಕವು ಅನಗತ್ಯವಾಗಿದ್ದುವೆಂದೂ ವರದಿಯಾಯಿತು. ಅವರಲ್ಲಿ ಹೆಚ್ಚಿನವರು ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಮತ್ತು ದಲಿತ ಕೂಲಿಕಾರ್ತಿಯರು. ನಲವತ್ತು ತುಂಬದವರೂ ಬಹಳ. ಹೊಟ್ಟೆನೋವು, ಬಿಳಿಸೆರಗು, ಮುಟ್ಟಿನ ತೊಂದರೆ ಎಂದು ಬಂದವರಿಗೆ, ಗರ್ಭಚೀಲವನ್ನು ತೆಗೆಸದಿದ್ದರೆ ಕ್ಯಾನ್ಸರ್ ಆಗುವದೆಂಬ ಭಯವನ್ನು ಹುಟ್ಟಿಸಿದರೆಂಬದು ಆ ಸ್ತ್ರೀಯರ ದೂರು. ನಾಲ್ಕು ದವಾಖಾನೆಗಳ ಪರವಾನಗಿಯನ್ನು ರದ್ದುಗೊಳಿಸುವ ಆಜ್ಞೆಯು ಅದೇ ವರ್ಷ ಹೊರಟಿತು. ಆದರೂ 2017ರ ಫೆಬ್ರವರಿಯಲ್ಲಿ ಆ ಸ್ತ್ರೀಯರು ನ್ಯಾಯವನ್ನೂ ಪರಿಹಾರವನ್ನೂ ಬೇಡುತ್ತ ಕಲಬುರಗಿಯ ಬೀದಿಗೆ ಬರಬೇಕಾಯಿತು.

ಪರವಾನಗಿಯ ರದ್ದತಿಯು ದಂಡ. ಅದು ಸರಕಾರಕ್ಕೂ ದವಾಖಾನೆಗೂ ನಡುವಣ ಮಾತು. ನೊಂದವಳ ಸಮುತ್ಥಾನವ್ಯಯವೆಲ್ಲಿ? ಚಿಕ್ಕ ವಯಸ್ಸಿನಲ್ಲಿ ಗರ್ಭಕೋಶದೊಡನೆ ಅಂಡಾಶಯಗಳನ್ನೂ ಕಳೆದುಕೊಂಡವಳಿಗೆ ಎಲುಬು ಸವೆಯುವ, ಹೃದ್ರೋಗ ತಗಲುವ ಅಪಾಯವು ಹೆಚ್ಚುವದು. ತೊಗರಿಯ ಹೊಲದಲ್ಲಿ ಬಾಗಿ ದುಡಿಯುವ ದೇಹಕ್ಕೆ ಇದು ಶಸ್ತ್ರಕ್ರಿಯೆಯ ದಿನಕ್ಕೇ ಮುಗಿಯುವ ನಷ್ಟವಲ್ಲ. ದಿನದಿನದ ಕೂಲಿಯ ನಷ್ಟ.

ಇಲ್ಲಿ ಒಂದು ಪೂರ್ವಪಕ್ಷವುಂಟು: ಆ ಸ್ತ್ರೀಯರು ತಾವೇ ಬಂದರು, ತಾವೇ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು, ಇನ್ನು ದೂರೇಕೆ? ಇದಕ್ಕೆ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿಯೇ ಉತ್ತರವನ್ನು ಕೊಟ್ಟಿದೆ. ದಿಲ್ಲಿಯಲ್ಲಿ ಪರೀಕ್ಷೆಗೆಂದು ಅರಿವಳಿಕೆಗೊಳಗಾಗಿದ್ದ ಮಹಿಳೆಯೊಬ್ಬಳ ಗರ್ಭಕೋಶವನ್ನು ಅವಳ ತಾಯಿಯ ಒಪ್ಪಿಗೆಯ ಮೇಲೆ ತೆಗೆದದ್ದು ಅನಧಿಕೃತವೆಂದು ಆ ನ್ಯಾಯಾಲಯವು ತೀರ್ಪಿತ್ತಿತು. ಚಿಕಿತ್ಸೆಯ ಸ್ವರೂಪ, ಅದರ ಅಪಾಯ, ಅದಕ್ಕೆ ಬದಲಾದ ಉಪಾಯ ಇವನ್ನು ತಿಳಿಸಿದ ಮೇಲೆ ರೋಗಿಯೇ ಕೊಟ್ಟದ್ದು ಮಾತ್ರ ಸಮ್ಮತಿ. ಅಂದು ವಿಧಿಸಿದ ಪರಿಹಾರವು 25,000 ರೂಪಾಯಿ; ಮೊತ್ತವು ಅಲ್ಪ, ತತ್ತ್ವವು ಅಲ್ಪವಲ್ಲ. ಓದಲು ಬಾರದವಳಿಂದ, ಅವಳ ಭಾಷೆಯಲ್ಲಿ ವಿವರಿಸದೆ, ಸಾವಿನ ಭಯವನ್ನು ತೋರಿಸಿ ಒತ್ತಿಸಿಕೊಂಡ ಹೆಬ್ಬೆಟ್ಟು ಮಸಿಯ ಗುರುತೇ ಹೊರತು ಸಮ್ಮತಿಯ ಗುರುತಲ್ಲ.

ಎರಡನೆಯ ಪೂರ್ವಪಕ್ಷ: ಪರಿಹಾರದ ದಾವೆಗಳು ಹೆಚ್ಚಿದರೆ ಈ ಕಡೆಗೆ ವೈದ್ಯರೇ ಬರಲಾರರು. ಇದು ಪೂರ್ಣವಾಗಿ ಹುರುಳಿಲ್ಲದ ಮಾತಲ್ಲ. ಆದರೆ ರೋಗವು ವಾಸಿಯಾಗದ ಮಾತ್ರಕ್ಕೆ ಅಥವಾ ಶುದ್ಧಮನಸ್ಸಿನ ನಿರ್ಣಯವು ತಪ್ಪಿದ ಮಾತ್ರಕ್ಕೆ ವೈದ್ಯನು ಅಲಕ್ಷ್ಯದ ದೋಷಿಯಾಗುವದಿಲ್ಲವೆಂದು ಅದೇ ನ್ಯಾಯಾಲಯವು 2005ರಲ್ಲಿ ಸ್ಪಷ್ಟಪಡಿಸಿದೆ. ಸಜ್ಜನ ವೈದ್ಯನಿಗೆ ನ್ಯಾಯಾಲಯದ ಭಯವಿರಬೇಕಾಗಿಲ್ಲ. ಅವನಿಗೆ ಭಯವಿರಬೇಕಾದದ್ದು ಕಲ್ಲಿನದು. ನ್ಯಾಯದ ಬಾಗಿಲು ಮುಚ್ಚಿದಲ್ಲಿಯೇ ದವಾಖಾನೆಯ ಗಾಜು ಒಡೆಯುವದು. ಹಾಗೆ ಒಡೆಯುವದು 2009ರ ರಾಜ್ಯದ ಕಾಯಿದೆಯಂತೆ ಅಪರಾಧ. ಅದರಿಂದ ನೊಂದವಳಿಗೆ ಬಿಡಿಕಾಸೂ ಬಾರದು.

ಬಾಗಿಲು ಇಲ್ಲವೆಂದಲ್ಲ. ಹಣ ಪಡೆದು ಮಾಡಿದ ಚಿಕಿತ್ಸೆಯು ಗ್ರಾಹಕ ಕಾಯಿದೆಗೆ ಒಳಪಡುವದೆಂದು 1995ರಲ್ಲಿ ನಿರ್ಣಯವಾಗಿದೆ. ಈಗಿನ 2019ರ ಕಾಯಿದೆಯ ಮೇರೆಗೆ ಜಿಲ್ಲಾ ಆಯೋಗದಲ್ಲಿ ದೂರು ಕೊಡಬಹುದು; ತೆತ್ತ ಹಣವು ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು 2002ರ ವೈದ್ಯವೃತ್ತಿಯ ನಿಯಮವು ಹೇಳುತ್ತದೆ. 1987ರ ಕಾನೂನುಸೇವೆಗಳ ಕಾಯಿದೆಯಂತೆ ಸ್ತ್ರೀಗೆ, ಅವಳ ಆದಾಯವೆಷ್ಟೇ ಇರಲಿ, ಉಚಿತ ವಕೀಲನು ದೊರೆಯತಕ್ಕದ್ದು. ಆದರೆ ದೂರಿಗೆ ಎರಡೇ ವರ್ಷಗಳ ಅವಧಿ. ತಡವಾದರೆ ತಕ್ಕ ಕಾರಣವನ್ನು ತೋರಿಸಬೇಕು. ಕಮಲಾಪುರದ ಆಚೆಯ ತಾಂಡಾದವಳು ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸು ಹಿಡಿದು ಕಲಬುರಗಿಗೆ ಬಂದು, ಯಾವ ಕಚೇರಿಯಲ್ಲಿ ಯಾರನ್ನು ಕೇಳಬೇಕೆಂದು ತಿಳಿಯುವಷ್ಟರಲ್ಲಿ ಆ ಅವಧಿಯು ತೀರಿರುತ್ತದೆ. ಬಾಗಿಲು ತೆರೆದಿದೆ, ದಾರಿಯಿಲ್ಲ.

ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದೇ ದೂರಿನಲ್ಲಿ 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅನಗತ್ಯ ಗರ್ಭಕೋಶಚ್ಛೇದವನ್ನು ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಆಜ್ಞಾಪಿಸಿತು. ಅದು ಮುಂದೆ ಬರುವವರಿಗೆ ರಕ್ಷೆ; ಕಳೆದುಕೊಂಡವರಿಗೆ ಅದರಿಂದ ಬಂದದ್ದೇನು?

ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚಕದ ರಕ್ಷಣೆಯುಂಟು. ಬೇರೆ ಊರಿನ ಹಣ್ಣಿಗೆ ಆ ಹೆಸರಿಟ್ಟು ಮಾರುವವನನ್ನು ಕಾಯಿದೆಯು ತಡೆಯುತ್ತದೆ. ಆ ತೋಟಗಳಲ್ಲಿ ದುಡಿಯುವ ಹೆಣ್ಣಿನ ದೇಹಕ್ಕೆ ಅಷ್ಟಾದರೂ ಕಾವಲು ಬೇಡವೇ? ಕಾನೂನುಸೇವಾ ಪ್ರಾಧಿಕಾರದವರು ಕಲಬುರಗಿಯಲ್ಲಿ ಕುಳಿತು ಅರ್ಜಿಗಾಗಿ ಕಾಯುವದನ್ನು ಬಿಟ್ಟು ತಾಂಡಾಗಳಿಗೆ ಹೋಗಲಿ. ಶಸ್ತ್ರಕ್ರಿಯೆಯ ಕಾಗದಗಳ ಪ್ರತಿಯು ಕೇಳದೆಯೇ ರೋಗಿಯ ಕೈಸೇರಲಿ. ಅವಧಿ ಮೀರಿದ ಸ್ತ್ರೀಯರಿಗೆ ಸರಕಾರವೇ ಮೊದಲು ಪರಿಹಾರವನ್ನು ಕೊಟ್ಟು, ಆಮೇಲೆ ತಪ್ಪಿತಸ್ಥರಿಂದ ಅದನ್ನು ವಸೂಲು ಮಾಡಲಿ. ಜಿಲ್ಲೆಯ ವೈದ್ಯಮಹನೀಯರು ಇದಕ್ಕೆ ಅಡ್ಡ ಬರದೆ ಮುಂದೆ ನಿಲ್ಲಲಿ. ಅವರ ವೃತ್ತಿಯ ಗೌರವವು ಉಳಿಯುವ ದಾರಿಯೂ ಇದೇ. ದಂಡದ ಲೆಕ್ಕವನ್ನು ಸರಕಾರವು ನೋಡಿಕೊಳ್ಳಲಿ. ನೊಂದವಳು ಎದ್ದು ನಿಲ್ಲುವ ವೆಚ್ಚದ ಲೆಕ್ಕವು 2015ರಿಂದ ಬಾಕಿಯಾಗಿದೆ.